ಅರ್ಧ ಸುತ್ತು

ಇಂಜಿನ್ನಿನ ಹೊಟ್ಟೆ ಬಿಚ್ಚದೆ ಅದರ ಕಾಯಿಲೆ ಹೇಳುವವನು ಎಂದು ಆ ರಸ್ತೆಯಲ್ಲೆಲ್ಲ ಹೆಸರಾದವನು ಕಿವಿ ಮೇಸ್ತ್ರಿ. ಬೇರೆ ಗ್ಯಾರೇಜುಗಳಲ್ಲಿ ಗಾಡಿ ನಿಂತ ಹತ್ತು ನಿಮಿಷಕ್ಕೆ ನಟ್ಟು ಬೋಲ್ಟುಗಳೆಲ್ಲ ತಟ್ಟೆಗೆ ಬಂದು ಬೀಳುತ್ತಿದ್ದವು. ಇವನ ಹತ್ತಿರ ಹಾಗಲ್ಲ. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚಿದನೆಂದರೆ, ಎಂಥ ಬಾಯಿಬಡುಕ ಡ್ರೈವರೂ ಮಾತು ನಿಲ್ಲಿಸುತ್ತಿದ್ದ. ಮೂವತ್ತು ವರ್ಷ ಹೀಗೇ ನಡೆದಿತ್ತು. ಅವನ ಸ್ವಂತ ಹೆಸರು ಹೆಂಡತಿಗೂ ಮರೆತಂತಿತ್ತು.

ಎರಡು ವರ್ಷದಿಂದ ಮಾತ್ರ ಏನೋ ಆಗಿತ್ತು. ಗಡಗಡ ಎನ್ನುವ ದಪ್ಪ ಸದ್ದೆಲ್ಲ ಮೊದಲಿನಂತೆಯೇ ಕೇಳುತ್ತಿತ್ತು. ಸಣ್ಣ ಸದ್ದುಗಳು, ಸೀಟಿಯಂಥವು, ಸುಯ್ಯೆನ್ನುವಂಥವು, ಒಂದೊಂದಾಗಿ ಮನೆ ಖಾಲಿ ಮಾಡಿಕೊಂಡು ಹೋಗಿದ್ದವು. ಈಚೆಗೆ ಹಕ್ಕಿಗಳೇ ಕಡಿಮೆಯಾಗಿವೆ ಎಂದು ಮೊದಮೊದಲು ಅಂದುಕೊಂಡಿದ್ದ. ಒಂದು ದಿನ ಯಾರದೋ ಕಾರಿನಲ್ಲಿ ಕೂತು "ನಿಮ್ಮ ಇಂಡಿಕೇಟರಿನ ಟಿಕ್‌ಟಿಕ್ ನಿಂತುಹೋಗಿದೆ" ಎಂದಾಗ, ಗಿರಾಕಿ ಅವನ ಮುಖವನ್ನೇ ನೋಡಿದ. ಅವತ್ತು ತಿಳಿಯಿತು. ಯಾರಿಗೂ ಹೇಳಲಿಲ್ಲ. ಕಿವಿ ಮೇಸ್ತ್ರಿಗೆ ಕಿವಿ ಇಲ್ಲವೆಂದರೆ ಉಳಿಯುವುದು ಬರೀ ಮೇಸ್ತ್ರಿ. ಅಂಥವರು ಬೀದಿಗೆ ನಾಲ್ವರಿದ್ದರು.

ಆ ಬೆಳಗ್ಗೆ ಬೀಗರ ಹಳೇ ಡೀಸೆಲ್ ಪಿಕಪ್ಪು ಕರಿಹೊಗೆ ಕಾರುತ್ತ ಗ್ಯಾರೇಜಿನ ಮುಂದೆ ಬಂದು ನಿಂತಿತು. ಬೀಗರೆಂದರೆ ಮೇಸ್ತ್ರಿಯ ಒಬ್ಬಳೇ ಮಗಳ ಮಾವ, ಬಾಡಿಗೆಗೆ ಸಾಮಾನು ಸಾಗಿಸುವ ಆಸಾಮಿ. ಹಿಂದೆ ಮಂಚ, ಬೀರು, ಸುತ್ತಿಟ್ಟ ಹಾಸಿಗೆ, ಹಗ್ಗ ಬಿಗಿದ ಪಾತ್ರೆಯ ಪೆಟ್ಟಿಗೆ. ಮುಂದೆ ಬೀಗರ ಪಕ್ಕದಲ್ಲಿ ಮಗಳು, ಅವಳ ಮಡಿಲಲ್ಲಿ ಐದು ತಿಂಗಳ ಕೂಸು. ಅಳಿಯನಿಗೆ ಬೆಟ್ಟದ ಮೇಲಿನ ಊರಿಗೆ ವರ್ಗವಾಗಿತ್ತು. ಅವನು ಮೊದಲೇ ಹೋಗಿ ಮನೆ ಹಿಡಿದಿದ್ದ, ಇವರು ಈಗ ಸಂಸಾರ ಹೊತ್ತು ಹೊರಟಿದ್ದರು. ಒಂದು ಗಂಟೆಯ ದಾರಿ ಮುಗಿದಿತ್ತು, ಇನ್ನು ಮೂರು ಗಂಟೆಯ ಏರು ಬಾಕಿ.

"ಬೀಗರೇ, ನಿಮ್ಮ ಔಷಧಿ ಎರಡೇ ದಿನ ನಡೀತು ನೋಡಿ," ಬೀಗರು ಇಳಿಯುತ್ತಲೇ ಶುರುಮಾಡಿದರು. "ಮೂರನೇ ದಿನದಿಂದ ಅದೇ ರಾಗ. ಏರು ಕಂಡ್ರೆ ಸಾಕು, ಅತ್ತೆಮನೆಗೆ ಹೊರಟ ಸೊಸೆ ಥರ ಹಿಂದೆ ಮುಂದೆ ನೋಡುತ್ತೆ."

"ಸೊಸೆ ಇಲ್ಲೇ ಇದ್ದೀನಿ ಮಾವ," ಎಂದಳು ಮಗಳು ಒಳಗಿನಿಂದ.

"ನಿನಗಲ್ಲಮ್ಮ ಹೇಳಿದ್ದು. ನೀನು ಗೇರ್ ಹಾಕೋ ಮೊದಲೇ ಓಡೋಳು."

ಔಷಧಿ ಎಂದರೆ ಹೋದ ಭಾನುವಾರ ಮೇಸ್ತ್ರಿ ಕೊಟ್ಟಿದ್ದ ಅರ್ಧ ಸುತ್ತು. ಡೀಸೆಲ್ ಪಂಪಿನ ತಲೆಯಲ್ಲೊಂದು ತಿರುಪು ಇರುತ್ತದೆ. ಒಳಕ್ಕೆ ತಿರುಗಿಸಿದಷ್ಟೂ ಇಂಜಿನ್ನಿಗೆ ಹೆಚ್ಚು ಡೀಸೆಲ್ ಹೋಗುತ್ತದೆ, ಗಾಡಿ ಸ್ವಲ್ಪ ಎಳೆಯುತ್ತದೆ, ಹೊಗೆ ಸ್ವಲ್ಪ ಕಪ್ಪಾಗುತ್ತದೆ. ಕಾಯಿಲೆ ಗೊತ್ತಾಗದವರು ಮಾಡುವ ಕೆಲಸ ಅದು. ಅವತ್ತು ಮೇಸ್ತ್ರಿಗೆ ಕಾಯಿಲೆ ಗೊತ್ತಾಗಿರಲಿಲ್ಲ.

ಮಗಳು ಇಳಿದವಳು ಬಾಗಿಲು ಹಿಡಿದುಕೊಂಡೇ ನಿಂತಳು. ಮುಖ ಬಿಳುಚಿಕೊಂಡಿತ್ತು. ಗ್ಯಾರೇಜಿನ ಹಿಂದೆಯೇ ಮನೆ. ಮೇಸ್ತ್ರಿಯ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಮಗುವನ್ನು ಎತ್ತಿಕೊಂಡಳು.

"ಏನೇ, ಹಿಂಗ್ಯಾಕಿದ್ದೀಯ?"

"ತಲೆನೋವಮ್ಮ. ದಾರೀಲಿ ಒಂದ್ಸಲ ವಾಂತಿನೂ ಆಯ್ತು. ಮೊನ್ನೆ ಮಾರ್ಕೆಟ್‌ಗೆ ಇದರಲ್ಲೇ ಹೋದಾಗಲೂ ಹಿಂಗೇ ಆಗಿತ್ತು."

ಹೆಂಡತಿ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯೋ ಶಿವನೇ, ಆಗಲೇ ಎರಡನೇದಾ?"

"ಅಮ್ಮಾ, ಸುಮ್ನಿರ್ತೀಯಾ."

ಬೀಗರು ಬಾಯ್ತುಂಬ ನಕ್ಕರು. "ಬರಲಿ ಬಿಡಿ, ನಮ್ಮ ಗಾಡೀಲಿ ಜಾಗಕ್ಕೇನು ಕಮ್ಮಿ. ನಮ್ಮ ಕೂಸಿಗಂತೂ ಇದೇ ತೊಟ್ಟಿಲು. ಮನೇಲಿ ರಾತ್ರಿಯೆಲ್ಲ ಊರು ಒಂದು ಮಾಡುತ್ತೆ. ಇದರಲ್ಲಿ ಕೂತು ಹತ್ತು ನಿಮಿಷ ಆಗಲಿ, ಹೂವು ಬಾಡಿದ ಹಾಗೆ ನಿದ್ದೆ. ಅಲ್ಲಾಡಿಸಿದ್ರೂ ಏಳಲ್ಲ. ನನಗೇ ಒಂದೊಂದ್ಸಲ ಕಣ್ಣು ಎಳೆಯುತ್ತೆ."

ಮಗು ಅಜ್ಜಿಯ ತೋಳಿನಲ್ಲಿ ನಿಜಕ್ಕೂ ಬಾಡಿದ ಹೂವಿನಂತೆ ಬಿದ್ದಿತ್ತು. ಹೊರಗಿನ ಗಾಳಿಗೆ ಮೆಲ್ಲಗೆ ಮಿಸುಕಿತು.

ಮೇಸ್ತ್ರಿ ಬಾನೆಟ್ ಎತ್ತಿದ. ಗಾಳಿಯ ಫಿಲ್ಟರ್ ತೆಗೆದು ಕುಟ್ಟಿದ, ದೂಳು ಅಷ್ಟೇನಿರಲಿಲ್ಲ. ಗಾಳಿಯ ರಬ್ಬರ್ ಪೈಪನ್ನು ಹಿಚುಕಿದ, ಗಟ್ಟಿಯಾಗಿತ್ತು. ಡೀಸೆಲ್ ಫಿಲ್ಟರಿನ ತಳದ ತಿರುಪು ಸಡಿಲಿಸಿ ಗಾಜಿನ ಬಾಟಲಿಗೆ ಒಂದಷ್ಟು ಹಿಡಿದು ಬೆಳಕಿಗೆತ್ತಿದ, ನೀರಿರಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆಯುವಾಗ ಗಾಳಿ ಎಳೆದುಕೊಳ್ಳುವ ಸದ್ದು ಬರುತ್ತದೆಯೇ ಎಂದು ಕೇಳಬೇಕು. ಅವನು ಕೇಳಲಿಲ್ಲ, ಯಾರಿಗೂ ಕಾಣದಂತೆ ಅಂಗೈ ಹಿಡಿದು ನೋಡಿದ. ಏನಿಲ್ಲ. ಆಕ್ಸಿಲರೇಟರಿನ ತಂತಿ ಹಿಡಿದುಕೊಂಡು ಕ್ಯಾಬಿನ್ನಿನ ತಗಡಿನವರೆಗೆ ಕೈಯಾಡಿಸಿದ. ತಂತಿ ಒಳಗೆ ಹೋಗುವ ತೂತಿನ ಸುತ್ತಲ ರಬ್ಬರ್ ಉದುರಿಹೋಗಿ ಎರಡು ಬೆರಳು ತೂರುವಷ್ಟು ಸಂದಿಯಾಗಿತ್ತು. ಮುಂದಿನ ಸಲ ಹಾಕೋಣ ಎಂದುಕೊಂಡ. ತಂತಿ ಸರಿಯಿತ್ತು.

ಉಳಿದದ್ದು ಟರ್ಬೊ ಒಂದೇ. ಇಂಜಿನ್ನಿನ ಹೊಗೆಯೇ ಅದರ ಚಕ್ರ ತಿರುಗಿಸಬೇಕು, ಚಕ್ರ ತಿರುಗಿ ಇಂಜಿನ್ನಿಗೆ ಗಾಳಿ ತುಂಬಬೇಕು. ಹೊಗೆ ದಾರಿಯಲ್ಲೇ ಎಲ್ಲಾದರೂ ಸೋರಿದರೆ ಚಕ್ರ ಸೋಮಾರಿಯಾಗುತ್ತದೆ. ಸೋರಿದರೆ ಸುಯ್ಯೆಂದು ಸದ್ದು ಬರುತ್ತದೆ. ಕಣ್ಣಿಂದ ನೋಡಬೇಕೆಂದರೆ ಅದರ ಮೇಲಿನ ಬಿಸಿ ತಡೆಯುವ ತಗಡು ಬಿಚ್ಚಬೇಕು. ನಾಲ್ಕು ತುಕ್ಕು ಹಿಡಿದ ಬೋಲ್ಟು, ಅರ್ಧ ದಿನದ ಕೆಲಸ.

"ತಗಡು ಬಿಚ್ಚಿ ನೋಡಿದ್ರೆ..." ಎಂದ ಮೇಸ್ತ್ರಿ.

"ಬಿಚ್ಚೋದಾ? ನೀವಾ?" ಬೀಗರಿಗೆ ತಮಾಷೆಯೆನಿಸಿತು. "ಬಿಚ್ಚೋಕೆ ನಮ್ಮೂರಲ್ಲೇ ಜನ ಇದ್ರು. ನಿಮ್ಮ ಕಿವಿ ನಂಬಿಕೊಂಡು ಬಂದಿದ್ದು. ಇಡಿ ಕಿವಿ, ನಾನು ಆಕ್ಸಿಲರೇಟರ್ ಒತ್ತುತೀನಿ."

ಬೀಗರು ಒತ್ತಿದರು. ಮೇಸ್ತ್ರಿ ಸ್ಕ್ರೂಡ್ರೈವರ್ ಆನಿಸಿ ಕಣ್ಣು ಮುಚ್ಚಿದ. ಗಡಗಡ ಕೇಳಿತು. ಅದರಾಚೆ ಹತ್ತಿ ತುಂಬಿದಂಥ ಮೌನ. ಮಗಳು, ಹೆಂಡತಿ, ಬೀಗರು ಮೂವರೂ ಅವನ ಮುಖ ನೋಡುತ್ತಿದ್ದರು. ಇಲ್ಲಿ ಒಂದು ಮಾತು ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಅವನು ಕಣ್ಣು ತೆರೆದು, "ಪಂಪು ಸೋತಿದೆ," ಎಂದ. ಇನ್ನೊಂದು ಅರ್ಧ ಸುತ್ತು ಕೊಟ್ಟ.

ಮಗಳು ಕಾಫಿ ಕುಡಿದು, ಮುಖ ತೊಳೆದು ಗೆಲುವಾದಳು. ಮಗು ಎದ್ದು ಅಜ್ಜಿಯ ಮೂಗು ಹಿಡಿದು ಎಳೆಯಿತು.

"ಮೇಲೆ ಗಾಳಿ ಸಿಕ್ಕಾಪಟ್ಟೆ ಚಳಿಯಂತೆ. ಗಾಜು ಏರಿಸ್ಕೊಂಡು ಹೋಗಿ," ಎಂದಳು ಹೆಂಡತಿ. ಮಗಳ ಪಕ್ಕದ ಗಾಜು ಪೂರ್ತಿ ಮೇಲೇರುತ್ತಿರಲಿಲ್ಲ. ಆ ಸಂದಿಗೆ ತಾನೇ ಒಂದು ಟವೆಲು ತುರುಕಿ ಗಟ್ಟಿಮಾಡಿದಳು.

ಪಿಕಪ್ಪು ತಿರುವು ದಾಟಿದ ಮೇಲೆ ಅವಳು ಲೋಟಗಳನ್ನು ಎತ್ತಿಕೊಳ್ಳುತ್ತ ಕೇಳಿದಳು: "ಅದೇನ್ರೀ ಅದು, ಬೀಗರು ಒತ್ತಿದಾಗೆಲ್ಲ ಹಾವು ಬುಸುಗುಟ್ಟಿದ ಹಾಗೆ?"

ಮೇಸ್ತ್ರಿ ಬಟ್ಟೆಗೆ ಕೈ ಒರೆಸುತ್ತಿದ್ದ. "ಏನು ಬುಸುಗುಟ್ಟಿದ್ದು?"

"ಇಂಜಿನ್ನು. ನೀವು ಬಗ್ಗಿದ್ರಲ್ಲ, ಅದೇ ಜಾಗದಲ್ಲಿ. ನಾನು ನಿಂತಿದ್ದ ತನಕ ಕೇಳಿಸ್ತು." ಅವಳು ಲೋಟ ಕೆಳಗಿಟ್ಟಳು. "ರೀ, ನಿಮಗೆ ಕೇಳಿಸ್ಲಿಲ್ವಾ?"

ಅವನು ಬಲಗೈ ನೋಡಿಕೊಂಡ. ತಂತಿ ಹಿಡಿದು ತೂತಿನವರೆಗೆ ಹೋದ ಕೈ. ಗ್ರೀಸಲ್ಲ, ಎಣ್ಣೆಯಲ್ಲ. ದೀಪದ ಬುರುಡೆಯಲ್ಲಿ ಕಟ್ಟುವಂಥ ಒಣ ಮಸಿ, ಮೊಣಕೈವರೆಗೆ. ಹೊಗೆ ಸೋರಿ ಕ್ಯಾಬಿನ್ನಿನ ತಗಡಿಗೆ ಬಡಿಯುತ್ತಿದೆ. ತಗಡಿನಲ್ಲಿ ಎರಡು ಬೆರಳಿನ ಸಂದಿ. ಸಂದಿಯ ಆಚೆ ಬೀಗರ ಕಾಲು, ಪಕ್ಕದಲ್ಲೇ ಮಗಳು, ಕೂಸು. ಗಾಳಿ ಸಾಲದ ಇಂಜಿನ್ನಿಗೆ ಡೀಸೆಲ್ ಹೆಚ್ಚಿಸಿ ಆ ಹೊಗೆಯನ್ನು ಇನ್ನಷ್ಟು ವಿಷ ಮಾಡಿ ಕಳಿಸಿದ್ದು ತಾನು, ಎರಡು ಸಲ. ತಲೆನೋವು, ವಾಂತಿ, ಅಲ್ಲಾಡಿಸಿದರೂ ಏಳದ ನಿದ್ದೆ.

"ಅದು ನಿದ್ದೆ ಅಲ್ಲ ಕಣೇ," ಎಂದ.

ಬೀಗರಿಗೆ ಫೋನ್ ಮಾಡಿದ. ಸ್ಟೀರಿಂಗ್ ಹಿಡಿದಾಗ ದೇವರು ಫೋನ್ ಮಾಡಿದರೂ ಎತ್ತುವುದಿಲ್ಲ ಎಂಬುದು ಬೀಗರ ಹೆಮ್ಮೆ. ಎತ್ತಲಿಲ್ಲ. ಮಗಳಿಗೆ ಹೆಂಡತಿ ಮಾಡಿದಳು. ಮೊದಲ ಸಲ ಎತ್ತಿ "ಅಮ್ಮಾ, ನಿದ್ದೆ ಬರ್ತಿದೆ, ಆಮೇಲೆ..." ಎಂದಳಂತೆ. ಆಮೇಲೆ ಫೋನು ಬರೀ ಹೊಡೆದುಕೊಳ್ಳುತ್ತಿತ್ತು.

ಸ್ಕೂಟರ್ ಹತ್ತಿದರು. ಹೆಂಡತಿ ಹಿಂದೆ. ಊರು ದಾಟಿ ಏರು ಶುರುವಾದಾಗ ಅವನು ತಲೆ ತಿರುಗಿಸದೆ ಎಲ್ಲ ಹೇಳಿದ. ಅವಳು ಏನೋ ಅಂದಳು. ಬೈದಳೋ ಅತ್ತಳೋ, ಗಾಳಿಯಲ್ಲಿ ತಿಳಿಯಲಿಲ್ಲ. ಅವನ ಮನಸ್ಸಿನಲ್ಲಿ ಒಂದೇ ಲೆಕ್ಕವಿತ್ತು: ಗಾಡಿಗೆ ಎಳೆತವಿಲ್ಲ, ಹೊರೆಯಿದೆ, ಏರಿನಲ್ಲಿ ತೆವಳುತ್ತಿರುತ್ತದೆ. ಯಾವ ರೋಗ ಅವರನ್ನು ಕೊಲ್ಲುತ್ತಿತ್ತೋ ಅದೇ ಅವರನ್ನು ದೂರ ಹೋಗಗೊಡುವುದಿಲ್ಲ. ಮೊದಲ ಸಲ ಆ ಇಂಜಿನ್ ಇನ್ನಷ್ಟು ಸೋಲಲಿ ಎಂದು ಬೇಡಿಕೊಂಡ. ಬೆನ್ನಿಗೆ ದಬದಬ ಗುದ್ದು ಬಿತ್ತು.

"ಪಕ್ಕಕ್ಕೆ, ಬಸ್ಸು, ಪಕ್ಕಕ್ಕೆ."

ಹಾರನ್ನು ಅವನಿಗೆ ಕೇಳಿಸಿರಲಿಲ್ಲ. ಮೋರಿಗೆ ಇಳಿಸಿದ. ಬಸ್ಸು ಬೆವರಿಳಿಸಿ ದಾಟಿಹೋಯಿತು.

ಮೂರು ತಿರುವಿನಾಚೆ ಅದೇ ಬಸ್ಸು ದಾರಿ ಸಿಗದೆ ತೆವಳುತ್ತಿತ್ತು. ಅದರ ಮುಂದೆ ಪಿಕಪ್ಪು, ರಸ್ತೆಯ ನಟ್ಟನಡುವೆ, ನಡೆಯುವವನ ವೇಗದಲ್ಲಿ, ಒಮ್ಮೆ ಬಂಡೆಯ ಕಡೆ, ಒಮ್ಮೆ ಕಣಿವೆಯ ಕಡೆ ವಾಲುತ್ತಿತ್ತು. ಗಾಜುಗಳೆಲ್ಲ ಮೇಲೆ. ಮೇಸ್ತ್ರಿ ಸ್ಕೂಟರನ್ನು ಬೀಗರ ಪಕ್ಕಕ್ಕೆ ತಂದು ಗಾಜಿಗೆ ಬಡಿದ. ಬೀಗರು ತಿರುಗಿ ನೋಡಿ ನಕ್ಕರು. ಗುರುತಿಲ್ಲದವನನ್ನು ನೋಡಿ ನಗುವ ನಗು. ಅವನು ಸ್ಕೂಟರನ್ನು ಮುಂದೆ ನುಗ್ಗಿಸಿ ಅಡ್ಡ ಕೆಡವಿ, ಹೆಂಡತಿಯನ್ನು ಎಳೆದುಕೊಂಡು ಬದಿಗೆ ಹಾರಿದ. ಪಿಕಪ್ಪು ಸ್ಕೂಟರನ್ನು ಒಂದು ಮಾರು ತಳ್ಳಿ, ಸುಸ್ತಾಗಿ ನಿಂತಿತು.

ಬಾಗಿಲು ತೆರೆದಾಗ ಬಿಸಿ ನಾತ ಮುಖಕ್ಕೆ ಹೊಡೆಯಿತು. ಕೀ ತಿರುಗಿಸಿ ಕಿತ್ತುಕೊಂಡ. ಬಸ್ಸಿನ ಕಂಡಕ್ಟರ್ ಬೈಯಲೆಂದು ಬಂದವನು ಬೈಯದೆ ಮಗಳ ಕಂಕುಳಿಗೆ ಕೈಹಾಕಿ ಇಳಿಸಿದ. ಕೆನ್ನೆಗೆ ತಟ್ಟಿದರೆ "ಹೂಂ" ಅನ್ನುತ್ತಿದ್ದಳು, ಕಣ್ಣು ಬಿಡುತ್ತಿರಲಿಲ್ಲ. ಹೆಂಡತಿ ಮಗುವನ್ನು ಎತ್ತಿಕೊಂಡು ಗಾಳಿಗೆ ಎದುರಾಗಿ ನಡೆದಳು, ಅಂಗಾಲಿಗೆ ಬೆರಳಿಂದ ಚಿಮ್ಮಿದಳು, ಉಜ್ಜಿದಳು, ಮತ್ತೆ ಚಿಮ್ಮಿದಳು. ಎಷ್ಟು ಹೊತ್ತೋ. ಮಗುವಿನ ಕೈ ಒಂದು ಸಲ ಮುಷ್ಟಿಯಾಯಿತು. ಕೆಮ್ಮಿತು. ಮತ್ತೆ ಸುಮ್ಮನಾಯಿತು.

"ಹತ್ತಿ ಅಮ್ಮ, ಹತ್ತಿ," ಎಂದ ಕಂಡಕ್ಟರ್. "ಮೇಲೆ ಆಸ್ಪತ್ರೆ ಇದೆ. ಎಲ್ಲೂ ನಿಲ್ಸಲ್ಲ."

ಪಿಕಪ್ಪನ್ನು ನಾಲ್ಕು ಜನ ಬದಿಗೆ ತಳ್ಳಿದರು. ಮಗಳು, ಹೆಂಡತಿ, ಕೂಸನ್ನು ಹತ್ತಿಸಿಕೊಂಡು ಬಸ್ಸು ಹೋಯಿತು. ಬೀಗರನ್ನೂ ಹತ್ತಿಸಲು ನೋಡಿದರು, ಗಾಡಿ ಬಿಟ್ಟು ಬರುವುದಿಲ್ಲ ಎಂದು ಕೈ ಕೊಸರಿಕೊಂಡಿದ್ದರು. ಈಗ ಮೈಲಿಗಲ್ಲಿನ ಮೇಲೆ ಕೂತು ವಾಂತಿ ಮಾಡಿ, ಬಾಯಿ ಒರೆಸಿಕೊಂಡು ಕೈ ಚಾಚಿದರು.

"ಕೀ ಕೊಡಿ ಬೀಗರೇ. ಬಸ್ಸಿನ ಹಿಂದೆ ಹೋಗೋಣ."

"ಕೊಡಲ್ಲ. ಒಳಗೆ ಹೊಗೆ ಬರ್ತಿದೆ. ಹೋದ ಭಾನುವಾರವೂ ಬರ್ತಿತ್ತು."

"ಹೋದ ಭಾನುವಾರ ನೀವು ಕಿವಿ ಇಟ್ಟು ಕೇಳಿದ್ರಲ್ಲ."

"ಕೇಳಿಸ್ಲಿಲ್ಲ."

"ಇವತ್ತು?"

"ಇವತ್ತೂ ಇಲ್ಲ. ಎರಡು ವರ್ಷ ಆಯ್ತು ಬೀಗರೇ, ನನಗೆ ಸರಿಯಾಗಿ ಕೇಳಿಸದೆ."

ಬೀಗರು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಕಣ್ಣಿನ ಮಂಜು ಮೆಲ್ಲಗೆ ಹರಿದು, ಅದರ ಜಾಗಕ್ಕೆ ಬೇರೇನೋ ಬಂದು ಕೂತಿತು. ಬಸ್ಸು ಮರೆಯಾದ ತಿರುವಿನ ಕಡೆ ಒಮ್ಮೆ ನೋಡಿದರು. ಜೇಬಿನಿಂದ ಫೋನ್ ತೆಗೆದರು, ಅದು ಬೆಳಗುತ್ತಿತ್ತು.

"ನನ್ನ ಮಗ," ಎಂದರು. "ಎಲ್ಲಿ ತನಕ ಬಂದ್ರಿ ಅಂತ ಕೇಳೋಕೆ. ಬೆಳಗ್ಗೆಯಿಂದ ಮನೆ ಗುಡಿಸಿಟ್ಟುಕೊಂಡು ಕಾಯ್ತಿದ್ದಾನೆ." ಫೋನನ್ನು ಅವನ ಮುಂದೆ ಹಿಡಿದರು. "ನಾನು ಹೇಳಲ್ಲ. ನೀವೇ ಹೇಳಿ."

ಮೇಸ್ತ್ರಿ ಮಸಿ ಹತ್ತಿದ ಕೈಯನ್ನೇ ಚಾಚಿ ತೆಗೆದುಕೊಂಡ.