ಕುಮುದಿನಿ ಕೂತ ಹಾಗೆ

ಕುಮುದಿನಿ ಸುಮ್ಮನೆ ನಿಂತಿದ್ದರೂ ಈಗಷ್ಟೇ ಹೊರಟವಳ ಹಾಗೆ ಕಾಣುತ್ತಾಳೆ. ಸೊಂಟದಿಂದ ಮೇಲೆ ದೇಹ ಒಂದಿಷ್ಟು ಮುಂದಕ್ಕೆ ಬಾಗಿರುತ್ತದೆ, ಆದರೆ ಅದು ದಣಿದವರ ಬಾಗಲ್ಲ. ಮೊಣಕೈಗಳು ಸಡಿಲ, ಕತ್ತು ನೆಟ್ಟಗೆ, ದೃಷ್ಟಿ ಹತ್ತು ಮಾರು ಮುಂದೆ. ಕೋಡಿಂಬಾಳದ ಆಸುಪಾಸಿನಲ್ಲಿ ಹದಿನೆಂಟು ವರ್ಷಗಳಿಂದ ರಬ್ಬರ್ ಟ್ಯಾಪಿಂಗ್ ಮಾಡುತ್ತಿರುವ ಈ ಹೆಂಗಸಿಗೆ ಆ ಭಂಗಿ ಕಸುಬಿನಿಂದ ಬಂದದ್ದೋ, ಹುಟ್ಟಿನಿಂದಲೇ ಬಂದದ್ದೋ ನನಗೆ ತಿಳಿಯದು. ನನ್ನ ಮುನ್ನೂರು ಮರಗಳನ್ನು ಕೆತ್ತಿ ಹಾಲಿಳಿಸುವವಳೂ ಅವಳೇ ಆದ್ದರಿಂದ ಏಳು ವರ್ಷ ಅದನ್ನು ದಿನವೂ ನೋಡಿದ್ದೆ, ಗಮನಿಸಿರಲಿಲ್ಲ. ಗಮನಿಸಿದ್ದು ಹೋದ ನವೆಂಬರಿನಲ್ಲಿ, ಅವಳ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ ಮೇಲೆ.

ಅವಳ ಅಂಗಿಯ ವಿಷಯ ಹೇಳಲೇಬೇಕು. ಚೂಡಿದಾರದ ಮೇಲೆ ತೊಡುವ ಗಂಡಸರ ತುಂಬುತೋಳಿನ ಅಂಗಿ ಅದು. ಮೂಲದಲ್ಲಿ ನೀಲಿಯಿದ್ದಿರಬೇಕು, ಈಗ ಒಣಗಿದ ರಬ್ಬರ್ ಹಾಲಿನ ಕಲೆಗಳು ಒಂದರ ಮೇಲೊಂದು ಕೂತು, ಬಿಚ್ಚಿ ಗೂಟಕ್ಕೆ ಹಾಕಿದರೂ ಒಳಗೆ ಯಾರೋ ಇರುವ ಹಾಗೆ ಉಬ್ಬಿಕೊಂಡೇ ಇರುತ್ತದೆ. ನನ್ನ ಹೆಂಡತಿ ಭವಿತಾ ಹೊಸದೊಂದನ್ನು ಕೊಡಹೋದಾಗ, "ಬೇಡ ಅಕ್ಕ, ಇದು ನನ್ನ ಮೈಗೆ ಪಳಗಿ ಆಗಿದೆ" ಎಂದಳು. ಅವಳದು ಮಿತಭಾಷೆ. ಏನು ಕೇಳಿದರೂ ಮೊದಲು ಬರುವ ಉತ್ತರ "ನೋಡುವ". ನಾಳೆ ಬರುತ್ತೀಯಾ ಎಂದರೆ ನೋಡುವ, ಕಾಫಿ ಕುಡಿಯುತ್ತೀಯಾ ಎಂದರೂ ನೋಡುವ. ಬರುವುದನ್ನು ತಪ್ಪಿಸಿದ್ದಿಲ್ಲ, ಕಾಫಿ ಬಿಟ್ಟದ್ದೂ ಇಲ್ಲ.

ಪುತ್ತೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನಾನು ಐವತ್ತೊಂದನೆಯ ವಯಸ್ಸಿನಲ್ಲಿ ಒಂದು ಸ್ಪೋರ್ಟ್ಸ್ ಬೈಕು ಕೊಂಡೆ. ಯಾಕೆ ಎಂದು ಭವಿತಾ ಕೇಳಿದಳು. ಷೋರೂಮಿನ ಗಾಜಿನಾಚೆ ಅದನ್ನು ಕಂಡ ಕ್ಷಣದಿಂದ ಮನಸ್ಸು ಸ್ತಿಮಿತದಲ್ಲಿರಲಿಲ್ಲ, ಅಷ್ಟೇ. ಹುಬ್ಬು ಗಂಟಿಕ್ಕಿದಂಥ ಎರಡು ಕಿರಿದೀಪಗಳು. ಭುಜ ಉಬ್ಬಿಸಿ, ಮೊಣಕಾಲು ತಾಗುವಲ್ಲಿ ಸಟ್ಟನೆ ಒಳಸರಿದ ಟ್ಯಾಂಕು. ಅಲ್ಲಿಂದ ಒಂದೇ ರೇಖೆಯಾಗಿ ಹರಿದು ಮೇಲಕ್ಕೆದ್ದು ನಿಂತ ಬಾಲ. ಹೆಚ್ಚಿನದೊಂದು ಗೆರೆಯಿಲ್ಲ, ಅಲಂಕಾರವೆಂದು ತೋರುವ ಅಲಂಕಾರವಿಲ್ಲ. ಆದರೆ ಆ ಸೌಂದರ್ಯ ನೋಡುವವರಿಗೆ. ಕೂರುವವನ ಕಥೆಯೇ ಬೇರೆ. ಹ್ಯಾಂಡಲ್ ತಗ್ಗಿನಲ್ಲಿ, ಕಾಲಿಡುವ ಮೆಟ್ಟು ಹಿಂದಕ್ಕೂ ಮೇಲಕ್ಕೂ, ಸೀಟು ಮುಂದಕ್ಕೆ ಇಳಿಜಾರು. ನನ್ನ ಹೊಟ್ಟೆ ಟ್ಯಾಂಕಿನ ಮೇಲೆ, ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ಕಡಬ ದಾಟಿ ಮನೆ ಮುಟ್ಟುವಷ್ಟರಲ್ಲಿ ಬೆರಳುಗಳಿಗೆ ಜೋಮು ಹಿಡಿದು, ಅಂಗಳದಲ್ಲಿ ಇಳಿಯಲಾರದೆ ಹಾಗೆಯೇ ಬಗ್ಗಿ ಕೂತಿರುತ್ತಿದ್ದೆ. "ಇದೆಂತ, ಗಾಡಿಗೆ ನಮಸ್ಕಾರ ಮಾಡುದಾ?" ಎಂದಳು ಭವಿತಾ.

ಒಂದು ಬೆಳಿಗ್ಗೆ ಅಂಗಳದ ಇಳಿಜಾರಿನಲ್ಲಿ ಗಾಡಿಯನ್ನು ತಿರುಗಿಸಲಾಗದೆ ನಾನು ಬೆವರುತ್ತಿದ್ದೆ. ಕೆಲಸ ಮುಗಿಸಿ ಬಂದ ಕುಮುದಿನಿ ಹಾಲಿನ ಬಕೆಟ್ಟು ಕೆಳಗಿಟ್ಟು, "ಬಿಡಿ ಸರ್, ನಾನು ತಿರುಗಿಸಿ ಕೊಡ್ತೇನೆ" ಎಂದಳು. ಅಣ್ಣನ ಹಳೆಯ ಬೈಕಿನಲ್ಲಿ ರಬ್ಬರ್ ಶೀಟು ಹೇರಿಕೊಂಡು ಕಡಬಕ್ಕೆ ಹೋಗುವವಳು ಅವಳು; ಗಾಡಿ ಓಡಿಸುವುದು ಅವಳಿಗೆ ಹೊಸತಲ್ಲ. ಹತ್ತಿ ಕೂತಳು. ಕೂತಳು ಎಂದರೆ ಸಾಲದು. ಆ ತಗ್ಗಿದ ಹ್ಯಾಂಡಲ್ಲಿಗೆ ಅವಳು ಬಗ್ಗಲೇ ಇಲ್ಲ, ಅವಳ ಬಾಗು ಮೊದಲೇ ಅಷ್ಟಿತ್ತು. ಮೊಣಕಾಲುಗಳು ಟ್ಯಾಂಕಿನ ತಗ್ಗಿನೊಳಗೆ ಸೇರಿಕೊಂಡವು, ಆ ಕಲೆಗಟ್ಟಿದ ಅಂಗಿಯ ಬೆನ್ನು ಟ್ಯಾಂಕಿನಿಂದ ಬಾಲದವರೆಗಿನ ರೇಖೆಯನ್ನು ಮುಂದುವರಿಸಿತು. ಗಾಡಿ ಅರ್ಧಕ್ಕೆ ನಿಂತಿದ್ದ ಚಿತ್ರ, ಪೂರ್ತಿಯಾಯಿತು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆಗ.

"ಒಂದು ಸುತ್ತು ಹೋಗ್ಲಾ?" ಎಂದಳು. ಹೂಂ ಎಂದೆ. ಕೆಳಗಿನ ತಿರುವಿನಲ್ಲಿ ನಾನು ಬ್ರೇಕು ಒತ್ತಿ, ಗೇರು ಇಳಿಸಿ, ದೇವರ ಹೆಸರು ಹೇಳುವಲ್ಲಿ ಅವಳು ಮೈಯನ್ನಷ್ಟೇ ಓರೆಮಾಡಿ ದಾಟಿದಳು. ಬಂದವಳ ಮುಖದಲ್ಲಿ ನಾನು ಏಳು ವರ್ಷದಲ್ಲಿ ಕಾಣದ ಒಂದು ನಗು.

"ನಿನಗೆ ಕೈ ನೋಯಲಿಲ್ಲವಾ?" ಎಂದೆ.

"ಕೈಯಲ್ಲಿ ಕೂತ್ಕೊಳ್ಳುದಲ್ಲ ಮಾರಾಯ್ರೆ, ಸೊಂಟದಲ್ಲಿ ಕೂತ್ಕೊಳ್ಳುದು. ಕೈ ಬರೀ ತೋರಿಸ್ಲಿಕ್ಕೆ. ಟ್ಯಾಪಿಂಗ್ ಕತ್ತಿಗೂ ಹಾಗೆಯೇ ಅಲ್ವಾ, ಭಾರ ಹಾಕಿದ್ರೆ ಮರಕ್ಕೆ ಗಾಯ ಆಗುದು." ಆಮೇಲೆ ಬಕೆಟ್ಟು ಎತ್ತಿಕೊಂಡವಳು ತಡೆದು ನಿಂತು, "ಸರ್, ಇದನ್ನು ಯಾವತ್ತಾದ್ರೂ ಕೊಡುದಾದ್ರೆ ಬೇರೆಯವರಿಗೆ ಹೇಳ್ಬೇಡಿ. ನನಗೆ ಆಸೆ ಉಂಟು" ಎಂದಳು. ಈ ಬಾರಿ ನೋಡುವ ಎಂದದ್ದು ನಾನು.

ಕೊಡಬಹುದಿತ್ತು. ಮಣಿಕಟ್ಟು ನೋಡಿದ ವೈದ್ಯರು ಈ ಗಾಡಿ ಬೇಡ ಎಂದಿದ್ದರು, ಹೆಂಡತಿ ಮಾರಿ ಎಂದಿದ್ದಳು, ನನಗೂ ಸಾಕಾಗಿತ್ತು. ಆದರೆ ಅದರ ಮೇಲೆ ಅವಳು ಕೂತು ದಿನವೂ ನನ್ನ ಗೇಟಿನ ಮುಂದೆ ಹಾಯ್ದುಹೋಗುವುದನ್ನು ಕಲ್ಪಿಸಿಕೊಂಡರೆ ಕೊಡಲು ಮನಸ್ಸು ಬರುತ್ತಿರಲಿಲ್ಲ. ಆ ಭಾನುವಾರ ಕಡಬದ ಸೀನನ ಗ್ಯಾರೇಜಿಗೆ ಹೋದೆ. ಹ್ಯಾಂಡಲ್ ಒಂದು ಗೇಣು ಎತ್ತರಿಸು, ಸೀಟಿಗೆ ಸ್ಪಂಜು ತುಂಬಿಸಿ ಚಪ್ಪಟೆ ಮಾಡು, ಮೆಟ್ಟು ಮುಂದಕ್ಕೆ ತಾ ಎಂದೆ. ನೋವಿಗೆ ಅಷ್ಟು ಸಾಕಿತ್ತು. ನಾನು ನಿಲ್ಲಿಸಲಿಲ್ಲ: ಮುಂದೆ ದಪ್ಪ ಕಬ್ಬಿಣದ ಗಾರ್ಡು, ಪಕ್ಕದಲ್ಲಿ ದೊಡ್ಡ ಸೀರೆಗಾರ್ಡು, ಹಿಂದೆ ನೆಲ ಗುಡಿಸುವಷ್ಟು ಉದ್ದದ ಕೆಸರುಪಟ್ಟಿ, ಬಾಲದ ಮೇಲೆ ಸಾಮಾನಿನ ಪೆಟ್ಟಿಗೆ. ನಮ್ಮೂರಿನಲ್ಲಿ ಯಾವ ಗಾಡಿ ಬಂದರೂ ಕೊನೆಗೆ ತೋಟದ ಗಾಡಿಯಾಗುವುದು ವಾಡಿಕೆಯೇ, ಯಾರೂ ವಿಚಿತ್ರವೆನ್ನಲಾರರು. ಸೀನ ಮಾತ್ರ, "ಚಂದ ಪೂರಾ ಹೋಗ್ತದೆ ಸರ್, ಮತ್ತೆ ನನಗೆ ಬೈಬೇಡಿ" ಎಂದ. ಹೋಗಲಿ ಎಂದೆ. ನನಗೆ ದಕ್ಕದ ಚಂದ ಅವಳಿಗೂ ದಕ್ಕಬಾರದೆಂಬುದು ಬಿಟ್ಟರೆ ಬೇರೆ ಕಾರಣ ನನ್ನಲ್ಲಿರಲಿಲ್ಲ.

ಮರುದಿನ ಕುಮುದಿನಿ ಗಾಡಿಗೆ ಒಂದು ಸುತ್ತು ಬಂದಳು. ಟ್ಯಾಂಕಿನ ತಗ್ಗಿನಲ್ಲಿ ಒಂದು ಗಳಿಗೆ ಕೈಯಿಟ್ಟಳು.

"ಕೈನೋವು ಕಡಿಮೆ ಆಯ್ತಾ?"

"ಆಯಿತು" ಎಂದೆ. ಸುಳ್ಳು, ಈಗ ನೋವು ಬೆನ್ನಿಗೆ ಇಳಿದಿತ್ತು.

"ಒಳ್ಳೇದಾಯ್ತು. ಕೀ ಕೊಡಿ, ನೋಡುವ."

ಆ ಪೆಟ್ಟಿಗೆ, ಕಬ್ಬಿಣ, ಕೆಸರುಪಟ್ಟಿಗಳ ಸಮೇತ ಅವಳು ಅದನ್ನು ಕೆಳಗಿನ ತಿರುವಿನಲ್ಲಿ ಮೊದಲಿನ ಹಾಗೆಯೇ ಓರೆಮಾಡಿ ದಾಟಿಸಿ ತಂದಳು. ನಾನು ಕೆಡಿಸಹೊರಟದ್ದು ಗಾಡಿಯಲ್ಲಿ ಇರಲೇ ಇಲ್ಲ. ಕೀ ನನ್ನ ಕೈಗಿಡುತ್ತ, "ಈಗ ಇದು ನಿಮ್ಮ ಗಾಡಿ ಸರ್, ನನಗೆ ಬೇಡ" ಎಂದಳು. ದನಿಯಲ್ಲಿ ಚುಚ್ಚು ಹುಡುಕಿದೆ. ಇರಲಿಲ್ಲ. ಬಕೆಟ್ಟು ಎತ್ತಿಕೊಂಡು ಹೋದಳು.

ಒಂದು ವಾರ ಬಿಟ್ಟು, ಅವಳಿಲ್ಲದ ಹೊತ್ತು ನೋಡಿ ಗುಡ್ಡ ಹತ್ತಿ ನನ್ನ ಮರಗಳನ್ನು ಒಂದೊಂದಾಗಿ ಬಗ್ಗಿ ಪರೀಕ್ಷಿಸಿದೆ. ಸಿಟ್ಟಿನಲ್ಲಿ ಒಂದಾದರೂ ಗೀರು ಆಳಕ್ಕೆ ಇಳಿದಿರಬಹುದು, ಒಂದು ಮರಕ್ಕಾದರೂ ಗಾಯವಾಗಿರಬಹುದು ಎಂದು ಆಸೆಪಟ್ಟೆ. ಮುನ್ನೂರರಲ್ಲಿ ಒಂದಕ್ಕೂ ಆಗಿರಲಿಲ್ಲ.

ಇಂಥವರು ನಮ್ಮ ನಡುವೆ ಅಪರೂಪವೇನಲ್ಲ, ಹೆಸರು ಹಿಡಿದು ಯಾರೂ ಬರೆಯುವುದಿಲ್ಲ ಅಷ್ಟೇ. ಬೇಕಾದ್ದನ್ನು ಒಂದೇ ಸಲ ಬಾಯಿಬಿಟ್ಟು ಕೇಳುತ್ತಾರೆ. ಸಿಗದಿದ್ದರೆ ಮಾರನೆಯ ದಿನದ ಕೆಲಸವನ್ನು ಅಷ್ಟೇ ಹಗುರವಾದ ಕೈಯಲ್ಲಿ ಮಾಡುತ್ತಾರೆ. ಅವರನ್ನು ಕಂಡು ನಾವು ಎಷ್ಟು ಬೇಕಾದರೂ ಹೊಟ್ಟೆ ಉರಿದುಕೊಳ್ಳಬಹುದು. ನಮ್ಮನ್ನು ಕಂಡು ಅವರಿಗೆ ಅದರ ಒಂದು ಕಿಡಿಯೂ ಹುಟ್ಟುವುದಿಲ್ಲ. ಉಳಿದದ್ದನ್ನೆಲ್ಲ ಕ್ಷಮಿಸಬಲ್ಲೆ, ಅದೊಂದನ್ನು ಮಾತ್ರ ನನ್ನಿಂದ ಸಹಿಸಲಾಗುತ್ತಿಲ್ಲ.