ಲ್ಯಾಪ್‌ಟಾಪಿನಲ್ಲಿ ಹಾಲುಕ್ಕಿಸಿದ್ದು

"ನನ್ನ ತಲೆ ಯಾಕೆ ಬೋಳು ಮಾಡಿದ್ದೀಯೇ? ನಾನೇನು ಮಾದಪ್ಪನ ಬೆಟ್ಟಕ್ಕೆ ಮುಡಿ ಕೊಟ್ಟು ಬಂದಿದ್ದೀನಾ?" ಎಂದು ಕೂಗಿದೆ.

"ಇರೋದೇ ಬೋಳಲ್ವೇನಪ್ಪ? ಕೂದಲು ಬೇಕಂದ್ರೆ ದುಡ್ಡು ಕೊಟ್ಟು ಪ್ಯಾಕ್ ತಗೋಬೇಕು," ಎಂದಳು ಮಗಳು ಲಾಸ್ಯ, ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ.

"ಕೂದಲಿಗೂ ದುಡ್ಡಾ? ಯಾವ ಸೀಮೆ ಕಳ್ಳರೇ ಇವರು!"

ಅದೊಂದು ಸಂಸಾರದ ಆಟ. ಮನೆ ಕಟ್ಟಿ, ಜನರನ್ನು ಮಾಡಿ, ಬಾಳಿಸಬೇಕು. ರುದ್ರಸ್ವಾಮಿ ಎಂಬ ನಾನು, ನನ್ನ ಹೆಂಡತಿ ನೀಲಮ್ಮ, ಲಾಸ್ಯ ಮೂವರೂ ಅದರೊಳಗಿದ್ದೆವು. ಬರೀ ಆಟ ಕೊಂಡರೆ ಗೋಡೆ, ಮಂಚ, ಒಲೆ ಅಷ್ಟೇ. ಮಿಕ್ಕಿದ್ದಕ್ಕೆಲ್ಲ ಒಂದೊಂದು ಪ್ಯಾಕ್. ಮಳೆಗೊಂದು, ನಾಯಿಗೊಂದು, ಹಸುವಿಗೊಂದು.

"ಅಲ್ಲಾದ್ರೂ ಮನೆ ಕಟ್ಟಿದ್ರಲ್ಲ, ಪುಣ್ಯ," ಎಂದಳು ನೀಲಮ್ಮ, ಅವರೆಕಾಳು ಹಿಸುಕುತ್ತ.

ಚುಚ್ಚಿತು. ದಟ್ಟಗಳ್ಳಿಯಲ್ಲಿ ಸೈಟು ಕೊಂಡು ಹದಿನೆಂಟು ವರ್ಷ. ಪ್ರತಿ ಯುಗಾದಿಗೂ "ಈ ವರ್ಷ ಗುದ್ದಲಿ ಪೂಜೆ" ಎನ್ನುತ್ತೇನೆ. ಅಲ್ಲಿ ಪಾರ್ಥೇನಿಯಂ ಆಳೆತ್ತರ ಬೆಳೆದಿದೆ, ನಾವಿನ್ನೂ ಸರಸ್ವತಿಪುರಂನ ಬಾಡಿಗೆ ಮನೆಯಲ್ಲಿದ್ದೇವೆ. ಇವಳ ಬಾಯಲ್ಲಿ ಒಂದು ಸಲ "ನಮ್ಮನೆ" ಅನ್ನಿಸಬೇಕು, ಆಟದಲ್ಲಾದರೂ ಸರಿ ಎಂದು ಹಠ ಹತ್ತಿತು.

"ಹಸು ಪ್ಯಾಕ್ ತಗೋ. ಗೃಹಪ್ರವೇಶ ಮಾಡ್ಬೇಕು."

"ಆಟದಲ್ಲಿ ಗೃಹಪ್ರವೇಶ ಇಲ್ಲಪ್ಪ!"

"ನಾನಿದ್ದೀನಿ ಕಣೇ, ಹೇಳ್ಕೊಡ್ತೀನಿ."

ಹಸು ಬಂತು. ಇರಲಿ ಎಂದು ಕೂದಲನ್ನೂ ತರಿಸಿದೆ. ಹಸುವನ್ನು ಮೊದಲು ಮನೆಯೊಳಗೆ ನುಗ್ಗಿಸಲು ನೋಡಿದೆವು. ಅದು ಬಾಗಿಲಲ್ಲೇ ನಿಂತು ಹೂಗಿಡ ತಿಂದಿತು. ಹಾಲು ಕರೆಸಿ, ಪೂರ್ವಕ್ಕೆ ತಿರುಗಿಸಿದ ಒಲೆಯ ಮೇಲಿಡಿಸಿದೆ.

"ಬಾರೇ ನೀಲೂ, ಹಾಲುಕ್ತದೆ ನೋಡು!"

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಪಕ್ಕ ಕೂತಳು. ಬಾಗಿ ನೋಡಿದಳು. "ಚೆನ್ನಾಗೈತೆ ಕಣ್ರೀ, ನಮ್ಮ..." ಎನ್ನುವಷ್ಟರಲ್ಲಿ ಒಲೆಯ ಮೇಲೆ ಬೆಂಕಿಯ ಎಚ್ಚರಿಕೆಯ ಕೆಂಪು ಗುರುತು ಮಿನುಗಿತು.

"ಅಪ್ಪ, ಒಲೆ ಆರಿಸ್ತೀನಿ!"

"ಮುಟ್ಟಿದ್ರೆ ಕೈ ಮುರೀತೀನಿ! ಉಕ್ಕೋವರೆಗೂ ಆರಿಸ್ಬಾರ್ದು. ಅಪಶಕುನ."

ಹಾಲು ಉಕ್ಕಲಿಲ್ಲ. ಪಾತ್ರೆ ಹೊತ್ತಿಕೊಂಡಿತು, ಆಮೇಲೆ ಕರ್ಟನ್ನು, ಆಮೇಲೆ ಸೂರು. ಆಟದ ನಾನು ಹೊಸ ಕ್ರಾಪು ಹಿಡಿದುಕೊಂಡು ಕಿರುಚುತ್ತ ಕುಣಿಯುತ್ತಿದ್ದೆ. ಹಸು ಮಾತ್ರ ಹೂಗಿಡ ಬಿಟ್ಟಿರಲಿಲ್ಲ.

ಆಟದ ನೀಲಮ್ಮನ ನೆತ್ತಿಯ ಮೇಲೆ ಸಿಟ್ಟಿನ ಕೆಂಪು ಮೋಡ ಕಟ್ಟಿತು. ಎಲ್ಲಿತ್ತೋ ಒಂದು ಸೂಟ್‌ಕೇಸು, ಎತ್ತಿಕೊಂಡು ಗೇಟು ದಾಟಿದಳು.

"ಎಲ್ಲಿಗೆ ಹೋಗ್ತಾವ್ಳೆ? ವಾಪಸ್ ಕರಿಯೇ!"

"ಒತ್ತುತ್ತಾನೇ ಇದ್ದೀನಪ್ಪ, ಕೇಳ್ತಾ ಇಲ್ಲ!"

"ದಟ್ಟಗಳ್ಳಿಗೆ ಹೋಗಿರ್ತಾಳೆ ಬುಡಿ," ಎಂದಳು ನನ್ನ ನೀಲಮ್ಮ, ಹೊಟ್ಟೆ ಹಿಡಿದು ನಗುತ್ತ. "ಪಾರ್ಥೇನಿಯಂ ಕೀಳೋಕೆ."

ಮೂರು ದಿನ ಲ್ಯಾಪ್‌ಟಾಪಿನ ಮುಂದೆ ಕಾದೆ. ಸುಟ್ಟ ಮನೆಯ ಮುಂದೆ ಆಟದ ರುದ್ರಸ್ವಾಮಿ ಕ್ರಾಪು ಬಾಚಿಕೊಂಡು ನಿಂತೇ ಇದ್ದ. ಅವಳು ಬರಲಿಲ್ಲ.