ಮನೆಗೊಂದೇ ಕಾರ್ಡು

ನನ್ನ ಗಂಡ ಹೋಗಿ ಎರಡು ತಿಂಗಳಾಗಿದ್ದರೂ ನಾನಿನ್ನೂ ಅತ್ತಿರಲಿಲ್ಲ. ಅಳದವರನ್ನು ಕಂಡರೆ ಜನಕ್ಕೆ ಏನೋ ಕಸಿವಿಸಿ. ಬಂದವರೆಲ್ಲ "ಅತ್ತುಬಿಡಿ, ಹಗುರಾಗುತ್ತೆ" ಎಂದು ಹೇಳಿ, ನನ್ನ ಪರವಾಗಿ ತಾವೇ ಒಂದಿಷ್ಟು ಅತ್ತು, ಟೀ ಕುಡಿದು ಹೋಗುತ್ತಿದ್ದರು. ನನಗೆ ಭಾರವೂ ಇರಲಿಲ್ಲ, ಹಗುರವೂ ಇರಲಿಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟರೆ ದವಡೆ ಮರಗಟ್ಟುತ್ತದಲ್ಲ, ಮೈಯೆಲ್ಲ ಹಾಗಿತ್ತು.

ನನ್ನ ಕೆಲಸ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ. ಒದ್ದೆ ಬೆಡ್‌ಶೀಟು ಬಿಸಿ ರೋಲರಿನ ಆ ಕಡೆಯಿಂದ ಹೋಗಿ ಈ ಕಡೆಗೆ ಬರುತ್ತದೆ. ಬಂದದ್ದನ್ನು ಹಿಡಿದು ಮೂಲೆಗೆ ಮೂಲೆ ಕೂಡಿಸಿ ಮಡಿಸಬೇಕು. ಒಂದು ದಿನ ಬೆರಳು ರೋಲರಿಗೆ ತಗುಲಿ ಬೊಕ್ಕೆ ಎದ್ದಿದ್ದು ಮನೆಗೆ ಬಂದು ಪಾತ್ರೆ ತೊಳೆಯುವಾಗ ಗೊತ್ತಾಯಿತು. ನೋಡಿದೆ. ಮತ್ತೆ ಪಾತ್ರೆ ತೊಳೆದೆ.

ನನ್ನ ಗಂಡ ಶಾಲೆಯ ಬಸ್ಸು ಓಡಿಸುತ್ತಿದ್ದರು. ಅದು ಸಂಬಳದ ಕೆಲಸ. ಅಸಲು ಕೆಲಸ ಪಕ್ಷದ್ದು. ಗಂಟಲು ಮೈಕಿನ ಹಾಗಿತ್ತು, ಬೀದಿಯವರೆಲ್ಲ ಮೈಕಣ್ಣ ಎಂದೇ ಕರೆಯುತ್ತಿದ್ದರು. ಚುನಾವಣೆ ಬಂದರೆ ಮನೆಮನೆ ಬಾಗಿಲು ತಟ್ಟಿ, "ಯಾರಿಗಾದ್ರೂ ಹಾಕಿ, ಮನೇಲಿ ಮಾತ್ರ ಕೂತ್ಕೋಬೇಡಿ" ಎನ್ನುತ್ತಿದ್ದರು. ಇದಕ್ಕೆ ಸ್ವಂತ ಪಕ್ಷದವರಿಂದಲೇ ಬೈಸಿಕೊಂಡಿದ್ದೂ ಉಂಟು. ಬಾಗಿಲಲ್ಲಿ ಗಂಡಸು ನಿಂತು "ನಾನು ಹಾಕ್ತೀನಲ್ಲ, ಬಿಡಿ" ಎಂದರೆ ಅವನ ಭುಜದ ಮೇಲಿಂದ ಒಳಗೆ ಇಣುಕಿ, "ಓಟು ಮನೆಗೊಂದಲ್ಲ ಸ್ವಾಮಿ, ತಲೆಗೊಂದು. ಒಳಗಿರೋರನ್ನೂ ಕರೀರಿ" ಎನ್ನುತ್ತಿದ್ದರು. ಆ ಮಾತನ್ನು ಊಟದ ಹೊತ್ತಿನಲ್ಲಿ, ಫೋನಿನಲ್ಲಿ, ಒಮ್ಮೊಮ್ಮೆ ನಿದ್ದೆಗಣ್ಣಿನಲ್ಲೂ ಕೇಳಿ ಕೇಳಿ ಅದು ನನಗೆ ಫ್ಯಾನಿನ ಸದ್ದಾಗಿಬಿಟ್ಟಿತ್ತು. ಓಟಿನ ದಿನ ಬೆಳಿಗ್ಗೆಯೇ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಹಾಕಿಸಿ ಬರುತ್ತಿದ್ದರು. ಆ ವಿಷಯದಲ್ಲಿ ಅವರ ಮೇಲೆ ದೂರಿಲ್ಲ.

ಬೆರಳು ಸುಟ್ಟ ಮರುದಿನ, ಭಾನುವಾರ ಬೆಳಿಗ್ಗೆ ನಾದಿನಿ ಬಂದಳು. ನಮ್ಮ ವಾರ್ಡಿನ ಕ್ಲಿನಿಕ್ಕಿನಲ್ಲಿ ಅವಳು ಬಹಳ ವರ್ಷ ನರ್ಸಾಗಿದ್ದು ಈಚೆಗೆ ನಿವೃತ್ತಳಾದವಳು. ಆ ಕ್ಲಿನಿಕ್ಕನ್ನು ಹೆದ್ದಾರಿಯ ಆಚೆಗೆ ಸಾಗಿಸಲು ನಗರಸಭೆ ಹೊರಟಿತ್ತು. ಅದನ್ನು ತಡೆಯಲೆಂದೇ ಅವಳು ನಮ್ಮ ವಾರ್ಡಿನಿಂದ ಚುನಾವಣೆಗೆ ನಿಲ್ಲಲು ಹೊರಟಿದ್ದಳು. ಆದರೆ ಪಕ್ಷದ ಟಿಕೆಟ್ಟಿಗೆ ಗಾಜಿನ ಅಂಗಡಿಯ ಸಾಹುಕಾರರೂ ಕಣ್ಣಿಟ್ಟಿದ್ದರು. ಕ್ಲಿನಿಕ್ ಆಚೆಗೆ ಹೋದರೆ ಏನಂತೆ, ಬಸ್ಸಿದೆಯಲ್ಲ ಎನ್ನುವುದು ಅವರ ವಾದ. ಅವರು ಬಸ್ಸು ಹತ್ತಿದ್ದನ್ನು ಯಾರೂ ಕಂಡಿಲ್ಲ. ಇಬ್ಬರಲ್ಲಿ ಯಾರು ಎಂದು ಆ ಮಧ್ಯಾಹ್ನ ವಾರ್ಡಿನ ಪಕ್ಷದ ಸದಸ್ಯರು ಕೈಯೆತ್ತಿ ತೀರ್ಮಾನಿಸಬೇಕಿತ್ತು.

"ಕೂದಲೆಳೆಯಲ್ಲಿದೆ ಅತ್ತಿಗೆ. ಅಣ್ಣ ಇದ್ದಿದ್ರೆ ನಿಮ್ಮನ್ನ ಕರೀತಾನೇ ಇರ್ಲಿಲ್ಲ. ನಿಮ್ಮದೊಂದು ಕೈ ಬೇಕು."

"ಬರ್ತೀನಿ" ಎಂದೆ. ಬರಬೇಕೆಂಬ ಆಸೆಯೂ ಇರಲಿಲ್ಲ, ಒಲ್ಲೆ ಎನ್ನಲು ತ್ರಾಣವೂ ಇರಲಿಲ್ಲ.

"ಪಕ್ಷದ ಕಾರ್ಡ್ ತನ್ನಿ. ಅಧ್ಯಕ್ಷರದ್ದು ಗೊತ್ತಲ್ಲ, ಕಾರ್ಡ್ ಇಲ್ದೇ ಇದ್ರೆ ಹೆತ್ತ ತಾಯೀನೂ ಎಣಿಸಲ್ಲ."

ಕಾರ್ಡು ನನ್ನ ಬ್ಯಾಗಿನಲ್ಲೇ ಇತ್ತು. ಆಸ್ಪತ್ರೆಯವರು ಕೊಟ್ಟ ಕವರಿನಲ್ಲಿ ನನ್ನ ಗಂಡನ ವಾಚು, ಬೀಗದ ಕೈ, ಕನ್ನಡಕದ ಜೊತೆಗೆ ಬಂದಿತ್ತು.

ಸಭೆ ನಡೆಯುವುದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಆ ಕೋಣೆ ನನಗೆ ಹೊಸದೇನಲ್ಲ. ಹಿಂದುಗಡೆ ಒಂದು ಗೂಡಿನಂಥ ಜಾಗದಲ್ಲಿ ಗ್ಯಾಸ್ ಒಲೆ ಇದೆ. ಮದುವೆಯಾದಂದಿನಿಂದ ಪಕ್ಷದ ಟೀಯೆಲ್ಲ ಅಲ್ಲಿ ನನ್ನ ಕೈಯಲ್ಲೇ ಕುದ್ದದ್ದು. ಯಾರಿಗೆ ಸಕ್ಕರೆ ಬೇಡ, ಯಾರಿಗೆ ಎರಡು ಸಲ ಬೇಕು, ಯಾರು ಎದುರಾಳಿಯ ಕಪ್ಪಿನಲ್ಲಿ ಮಿಕ್ಕಿದ್ದನ್ನೂ ಬಿಡುವುದಿಲ್ಲ, ಎಲ್ಲ ಗೊತ್ತು. ಅವತ್ತೂ ನನ್ನ ಕಾಲು ತಾನಾಗಿಯೇ ಒಲೆಯ ಕಡೆಗೆ ಹೋಯಿತು. ನಾದಿನಿ ತೋಳು ಹಿಡಿದು ಎಳೆದು ಮುಂದಿನ ಸಾಲಿನಲ್ಲಿ ಕೂರಿಸಿದಳು. ಕುರ್ಚಿಯಲ್ಲಿ ಕೂತರೆ ಕೋಣೆ ಬೇರೆ ಥರ ಕಾಣುತ್ತಿತ್ತು.

ಅಧ್ಯಕ್ಷರು ನಿವೃತ್ತ ಕೋರ್ಟ್ ಗುಮಾಸ್ತರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಕಾನೂನು ಎನ್ನುತ್ತಿದ್ದರು. ಮೊದಲು ನನ್ನ ಗಂಡನಿಗಾಗಿ ಮೌನ. ಬದುಕಿದ್ದಾಗ ಅವರಿಗೆ ಮೌನವೆಂದರೆ ಆಗುತ್ತಲೇ ಇರಲಿಲ್ಲ. ಆಮೇಲೆ ಸಾಹುಕಾರರು ಮಾತಾಡಿದರು, ನಾದಿನಿ ಮಾತಾಡಿದಳು. ಹೆದ್ದಾರಿ ದಾಟಲಾರದೆ ಇಂಜೆಕ್ಷನ್ ಕಳೆದುಕೊಳ್ಳಲಿರುವ ಮುದುಕರ ಬಗ್ಗೆ ಹೇಳುವಾಗ ಅವಳ ದನಿ ನಡುಗಿತು. ನನ್ನದೇನೂ ನಡುಗಲಿಲ್ಲ. ಆದರೆ ಅವಳು ಗೆಲ್ಲಲಿ ಅನ್ನಿಸಿತು. ಎರಡು ತಿಂಗಳಲ್ಲಿ ನನಗೆ ಏನಾದರೂ ಆಗಲಿ ಅನ್ನಿಸಿದ್ದು ಅದೇ ಮೊದಲು.

ಸಾಹುಕಾರರ ಪರ ಕಾರ್ಡುಗಳು ಎದ್ದವು. ಕಾನೂನು ಬೆರಳಾಡಿಸಿ ಎಣಿಸಿದರು. ನಾದಿನಿಯ ಪರ ಎಂದಾಗ ನಾನೂ ಕಾರ್ಡು ಎತ್ತಿ ಹಿಡಿದೆ. ಎಣಿಸುತ್ತ ಬಂದ ಬೆರಳು ನನ್ನ ಮುಂದೆ ನಿಂತಿತು. ಅವರು ಬಗ್ಗಿ ನೋಡಿದರು.

"ಅಮ್ಮಾ, ಇದು ಮೈಕಣ್ಣಂದು."

"ಹೌದು" ಎಂದೆ.

ಹಿಂದಿನಿಂದ ಯಾರೋ, "ಮೈಕಣ್ಣ ಸತ್ತ ಮೇಲೂ ಓಟು ಹಾಕೋಕೆ ಬಂದವ್ರೆ ನೋಡ್ರಪ್ಪ" ಎಂದರು. ನಗೆ ಎದ್ದು, ನಾನಿರುವುದು ನೆನಪಾಗಿ ಅಡಗಿತು. ಅವರಿದ್ದಿದ್ದರೆ ಎಲ್ಲರಿಗಿಂತ ಜೋರಾಗಿ ಅವರೇ ನಗುತ್ತಿದ್ದರು.

"ನಿಮ್ಮ ಕಾರ್ಡ್ ತೋರಿಸಿ" ಎಂದರು ಕಾನೂನು.

"ಇದೇ. ನಮ್ಮನೇದು ಇದೇ."

"ಮನೇದು ಅಂದ್ರೆ?"

ನಾನು ತಿಳಿದಂತೆ ಹೇಳಿದೆ. ಮನೆಗೊಂದು ಕಾರ್ಡು, ಅವರಿದ್ದಾಗ ಇಬ್ಬರ ಪರವಾಗಿ ಅವರು ಎತ್ತುತ್ತಿದ್ದರು, ಈಗ ನಾನು ಎತ್ತಬೇಕು. ಬೇರೆ ಹೆಂಗಸರು ಎತ್ತುವುದನ್ನು ನಾನೆಂದೂ ಗಮನಿಸಿರಲಿಲ್ಲ. ಕೈ ಎತ್ತುವ ಹೊತ್ತಿಗೆ ನಾನು ಸದಾ ಒಲೆಯ ಹತ್ತಿರ ಇರುತ್ತಿದ್ದೆ, ಇಲ್ಲವೇ ನನ್ನ ಎರಡೂ ಕೈಯಲ್ಲಿ ಟ್ರೇ ಇರುತ್ತಿತ್ತು.

ಕಾನೂನು ಕನ್ನಡಕ ತೆಗೆದು ಒರೆಸಿಕೊಂಡರು. "ಕಾರ್ಡು ಮನೆಗೊಂದಲ್ಲಮ್ಮ, ತಲೆಗೊಂದು. ನಿಮ್ಮ ಯಜಮಾನ್ರೇ ಊರಿಗೆಲ್ಲ ಹೇಳ್ತಿದ್ರಲ್ಲ."

ನಾದಿನಿ ನನ್ನ ಮುಖ ನೋಡಿದಳು, ನಾನು ಅವಳದನ್ನು. ಇಷ್ಟು ವರ್ಷ ನಾನು ಅಲ್ಲೇ ಇದ್ದೆ, ಎಲ್ಲರೂ ನನ್ನನ್ನು ಸದಸ್ಯಳೆಂದೇ ತಿಳಿದಿದ್ದರು. ನನ್ನ ಹೆಸರಿಗೆ ಕಾರ್ಡು ಮಾಡಿಸಿರಬೇಕಾದವರು ಮಾಡಿಸಿರಲಿಲ್ಲ, ಅಷ್ಟೆ.

ನನ್ನದನ್ನು ಬಿಟ್ಟರೆ ಎರಡೂ ಕಡೆ ಸಮ ಬಂತು. ಸಮ ಬಂದರೆ ಅಧ್ಯಕ್ಷರ ಮಾತೇ ಕೊನೆ. ಪ್ರಚಾರ ನಡೆಸಲು ಕೈಲಾಗುವವರು ಬೇಕು ಎಂದು ಕಾನೂನು ಸಾಹುಕಾರರ ಹೆಸರು ಹೇಳಿ, ಯಾರ ಕಡೆಗೂ ನೋಡದೆ ಕೂತರು. ಚಪ್ಪಾಳೆ ಆಯಿತು. ನಾದಿನಿಯೂ ತಟ್ಟಿದಳು. ಆಮೇಲೆ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಸೆರಗಿನೊಳಗೆ ಸೇರಿಸಿಕೊಂಡಳು.

ನಾನು ಎದ್ದು ಮೇಜಿನ ಹತ್ತಿರ ಹೋದೆ. "ನನ್ನನ್ನ ಸೇರಿಸ್ಕೊಳ್ಳಿ" ಎಂದೆ.

"ಈ ಸಭೆಯ ಲೆಕ್ಕಕ್ಕೆ ಬರಲ್ಲಮ್ಮ."

"ಗೊತ್ತು. ಆದ್ರೂ ಸೇರಿಸ್ಕೊಳ್ಳಿ."

ಅವರು ಬರೆದುಕೊಳ್ಳುತ್ತ, "ಯಾರ ಕಡೆಯಿಂದ ಸೇರಿದ್ದು ಅಂತ ಹಾಕ್ಲಿ? ಮೈಕಣ್ಣ ಅಂತ್ಲೇ?" ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು.

"ಬೇಡ. ಅವರು ನನ್ನನ್ನ ಕರೀಲಿಲ್ಲ. ನಾನೇ ಬಂದಿದೀನಿ."

ಮನೆಗೆ ನಡೆದುಕೊಂಡೇ ಬಂದೆವು. ತಿರುವಿನಲ್ಲಿ ನಾದಿನಿ, "ನಾನೂ ಒಂದಿನ ಕೇಳ್ಲಿಲ್ಲ ಅತ್ತಿಗೆ. ಅಣ್ಣ ಮಾಡಿಸಿರ್ತಾನೆ ಅಂತ ಸುಮ್ನಿದ್ದೆ. ನನಗೆ ಆಗ್ಬೇಕಾದ್ದೇ" ಎಂದಳು.

ನಾನು ನಡಿಗೆ ಬಿರುಸು ಮಾಡಿದೆ. ಹೊಟ್ಟೆಯೊಳಗೆ ಏನೋ ಶುರುವಾಗಿತ್ತು. ಮೊದಲು ಹಸಿವೆಂದುಕೊಂಡೆ. ನಾಲ್ಕು ಹೆಜ್ಜೆ ಹೋದ ಮೇಲೆ ತಿಳಿಯಿತು, ಸಿಟ್ಟು. ಊರವರ ಭುಜದ ಮೇಲಿಂದೆಲ್ಲ ಇಣುಕಿ ಒಳಗಿರುವವರನ್ನು ಕರೆದ ಮಹಾರಾಯ ತನ್ನ ಮನೆಯ ಅಡುಗೆಮನೆಗೆ ಒಮ್ಮೆ ಇಣುಕಲಿಲ್ಲ. ಕಂಡಕಂಡವರಿಗೆಲ್ಲ ಕಾರ್ಡು ಮಾಡಿಸಿಕೊಟ್ಟ. ನನ್ನಿಂದ ಟೀ ಮಾಡಿಸಿದ. ತಂಗಿ ಸೋತಳು. ನನ್ನ ಕಿವಿ ಬಿಸಿಯಾಯಿತು, ಬೆರಳಿನ ಬೊಕ್ಕೆ ಉರಿಯತೊಡಗಿತು. ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಅವರು ನಗೆಯಾಡಿ ಜಾರಿಕೊಳ್ಳುತ್ತಾರೆ, ಈ ಸಲ ಬಿಡಬಾರದು, ಕೂರಿಸಿ ಕೇಳಬೇಕು ಎಂದುಕೊಂಡೆ.

ಬೀಗ ತೆಗೆದು, ಬ್ಯಾಗನ್ನು ಎಸೆದು, ನಡುಮನೆಯಲ್ಲಿ ನಿಂತು, "ರೀ, ಬನ್ನಿ ಇಲ್ಲಿ" ಎಂದು ಕೂಗಿದೆ.

ನಾದಿನಿ ಹೊಸ್ತಿಲಲ್ಲೇ ನಿಂತಳು. ಒಳಗಿನ ಕೋಣೆಯಿಂದ ಯಾರೂ ಬರಲಿಲ್ಲ. ನಾನು ಕಾದೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತೆ.